ಮೆಡಿಕಲ್ ಕಾಲೇಜು ಇದ್ದೂ ಘಾಟಿ ಇಳಿಯುವುದೇಕೆ? ಕೊಡಗಿನಲ್ಲಿ ಮಕ್ಕಳ ನರರೋಗ ಚಿಕಿತ್ಸೆ

ಕೊಡಗಿನ ಸುದ್ದಿಗಳಲ್ಲಿ ಒಂದು ವಾಕ್ಯ ಅಚ್ಚು ಹಾಕಿದಂತೆ ಮತ್ತೆ ಮತ್ತೆ ಬರುತ್ತದೆ: ಮಗುವಿಗೆ ಮಡಿಕೇರಿಯಲ್ಲಿ ಪ್ರಥಮ ಚಿಕಿತ್ಸೆ ನೀಡಿ ಹೆಚ್ಚಿನ ಚಿಕಿತ್ಸೆಗಾಗಿ ಮೈಸೂರಿಗೆ ಕಳುಹಿಸಲಾಯಿತು. ಮೈಸೂರು ಅಲ್ಲದಿದ್ದರೆ ಮಂಗಳೂರು, ಅದೂ ಆಗದಿದ್ದರೆ ಬೆಂಗಳೂರು. ಮಡಿಕೇರಿಯಲ್ಲಿ 2016ರಿಂದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಅದಕ್ಕೆ ಅಂಟಿಕೊಂಡು ಬೋಧಕ ಆಸ್ಪತ್ರೆ ಇದೆ, ಮಕ್ಕಳ ವಿಭಾಗವೂ ಇದೆ. ಹಾಗಿದ್ದ ಮೇಲೆ ಫಿಟ್ಸ್ ಬಂದ ಮಗು, ಕೈಕಾಲು ಸೆಟೆದುಕೊಂಡ ಮಗು, ಎರಡು ವರ್ಷವಾದರೂ ಕತ್ತು ನಿಲ್ಲದ ಮಗು ಏಕೆ ಜಿಲ್ಲೆ ದಾಟಬೇಕು?

ಪ್ರಶ್ನೆ ಹೊಸದೇನೂ ಅಲ್ಲ. ‘ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು’ ಎಂಬ ಒತ್ತಾಯ 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವೇ ಆಗಿತ್ತು. ಆಮೇಲೆ ‘ಸೂಪರ್ ಸ್ಪೆಷಾಲಿಟಿ’ ಎಂಬ ಪದ ಬೇಡಿಕೆಗಳಲ್ಲೂ ಭರವಸೆಗಳಲ್ಲೂ ಖಾಯಂ ಆಗಿಬಿಟ್ಟಿದೆ. ತೊಂದರೆ ಏನೆಂದರೆ, ಈ ಒಂದೇ ಪದದೊಳಗೆ ಕನಿಷ್ಠ ಮೂರು ಬೇರೆ ಬೇರೆ ಅಗತ್ಯಗಳು ಸೇರಿಕೊಂಡಿವೆ. ಮಕ್ಕಳ ನರವಿಜ್ಞಾನವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡಿದರೆ ಅವು ಬಿಡಿಬಿಡಿಯಾಗಿ ಕಾಣುತ್ತವೆ.

ಕಾಲೇಜು ಇದ್ದರೆ ವಿಭಾಗ ಇರಲೇಬೇಕೆಂದಿಲ್ಲ

ಎಂಬಿಬಿಎಸ್ ಕಲಿಸುವ ಕಾಲೇಜಿಗೆ ಮಕ್ಕಳ ವೈದ್ಯಕೀಯ ವಿಭಾಗ ಕಡ್ಡಾಯ, ಮಕ್ಕಳ ನರವಿಜ್ಞಾನ ವಿಭಾಗ ಕಡ್ಡಾಯವಲ್ಲ. ಹೃದಯ, ಮೂತ್ರಪಿಂಡ, ನರ ಮೊದಲಾದ ಸೂಪರ್ ಸ್ಪೆಷಾಲಿಟಿ ವಿಭಾಗಗಳನ್ನು ಕಾಲೇಜು ಬೆಳೆದಂತೆ ಸೇರಿಸಿಕೊಳ್ಳಬಹುದು. ಆದ್ದರಿಂದ ಮಡಿಕೇರಿಯ ಮಕ್ಕಳ ತಜ್ಞರು ಮಗುವನ್ನು ಮೈಸೂರಿಗೆ ಬರೆದುಕೊಟ್ಟರೆ ಅದು ಕರ್ತವ್ಯಲೋಪ ಆಗಬೇಕೆಂದೇನಿಲ್ಲ. ಎಷ್ಟೋ ಸಲ ಅದೇ ಸರಿಯಾದ ವೈದ್ಯಕೀಯ ತೀರ್ಮಾನ.

ಹಾಗೆಂದು ಬರೆದುಕೊಟ್ಟದ್ದೆಲ್ಲವೂ ಸರಿ ಎಂದೂ ಅಲ್ಲ. ಆರು ತಿಂಗಳಿಂದ ಐದು ವರ್ಷದ ನಡುವಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಒಮ್ಮೆಯಾದರೂ ಜ್ವರದ ಸೆಳೆತ ಬರುತ್ತದೆ. ಮೈಯೆಲ್ಲ ಸೆಳೆದು, ಹದಿನೈದು ನಿಮಿಷದೊಳಗೆ ತಾನಾಗಿ ನಿಂತು, ಆ ದಿನ ಮತ್ತೆ ಮರುಕಳಿಸದಿದ್ದರೆ ಅದು ಸರಳ ಸೆಳೆತ. ಅದಕ್ಕೆ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿಯೂ ಬೇಡ, ಮೆದುಳಿನ ಸ್ಕ್ಯಾನೂ ಬೇಡ. ಬೇಕಾದದ್ದು ಜ್ವರದ ಕಾರಣವನ್ನು ಹುಡುಕುವ, ಮೆದುಳಿನ ಪೊರೆಯ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವ, ಬೆದರಿದ ತಂದೆತಾಯಿಗೆ ಸಮಾಧಾನವಾಗಿ ವಿವರಿಸುವ ಒಬ್ಬ ವೈದ್ಯ. ಇಂತಹ ಮಗುವೂ ಆಂಬುಲೆನ್ಸ್ ಹತ್ತಿ ಸುಮಾರು 120 ಕಿಲೋಮೀಟರ್ ಹೋಗುತ್ತದೆಂದರೆ ಕೊರತೆ ಇರುವುದು ವಿಭಾಗದಲ್ಲಲ್ಲ, ವೈದ್ಯರ ಧೈರ್ಯದಲ್ಲಿ. ಆ ಧೈರ್ಯ ಬರುವುದು ತರಬೇತಿಯಿಂದ.

ನಿಮಿಷದ ಕೆಲಸ, ವಾರದ ಕೆಲಸ, ವರ್ಷದ ಕೆಲಸ

ಮಕ್ಕಳ ನರರೋಗಗಳನ್ನು ಹೆಸರಿನಿಂದ ವಿಂಗಡಿಸುವುದಕ್ಕಿಂತ, ಚಿಕಿತ್ಸೆಗೆ ಎಷ್ಟು ಸಮಯ ಸಿಗುತ್ತದೆ ಎಂಬುದರಿಂದ ವಿಂಗಡಿಸಿದರೆ ಕೊಡಗಿನ ಮಟ್ಟಿಗೆ ಚಿತ್ರ ಸ್ಪಷ್ಟವಾಗುತ್ತದೆ.

ಮೊದಲನೆಯದು ನಿಮಿಷಗಳ ಲೆಕ್ಕ. ಮೈಯೆಲ್ಲ ಸೆಳೆಯುವ ಫಿಟ್ಸ್ ಐದು ನಿಮಿಷ ದಾಟಿತೆಂದರೆ ಅದು ತಾನಾಗಿ ನಿಲ್ಲುವ ಸಾಧ್ಯತೆ ಇಳಿಯುತ್ತದೆ, ಔಷಧ ಕೊಡಲೇಬೇಕು. ಅರ್ಧ ಗಂಟೆ ದಾಟಿದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಅಪಾಯ ಶುರುವಾಗುತ್ತದೆ. ಜಿಲ್ಲೆಯ ಅಂಚಿನ ಕುಟ್ಟದಿಂದಲೋ ಕರಿಕೆಯಿಂದಲೋ ಹೊರಟ ವಾಹನ ಅರ್ಧ ಗಂಟೆಯಲ್ಲಿ ಮಡಿಕೇರಿಯನ್ನೇ ಮುಟ್ಟುವುದಿಲ್ಲ, ಮೈಸೂರಿನ ಮಾತು ದೂರವೇ ಉಳಿಯಿತು. ಅಂದರೆ ಮಡಿಕೇರಿಯಲ್ಲಿ ನಾಳೆಯೇ ದೊಡ್ಡ ವಿಭಾಗ ತೆರೆದರೂ ಈ ಮಗುವಿಗೆ ಅದರಿಂದ ನೇರ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಎಂಬ ಪುಟ್ಟ ಶೀಶೆ. ಅದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, 108 ವಾಹನದಲ್ಲಿ, ಪದೇ ಪದೇ ಫಿಟ್ಸ್ ಬರುವ ಮಗುವಿನ ಮನೆಯಲ್ಲಿ ಇರಬೇಕು. ಕೈಗೆ ಕಬ್ಬಿಣ ಹಿಡಿಸಿ, ಮೂಗಿಗೆ ಈರುಳ್ಳಿ ಹಿಡಿದು ಕಳೆಯುವ ಐದು ನಿಮಿಷದಲ್ಲಿ ಮಗುವನ್ನು ಮಗ್ಗುಲಾಗಿ ಮಲಗಿಸಿ ಆ ಔಷಧ ಹಾಕಬಹುದು.

ಎರಡನೆಯದು ವಾರಗಳ ಲೆಕ್ಕ. ಮೂರರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಸೆಳೆತ ಫಿಟ್ಸ್‌ನಂತೆ ಕಾಣುವುದೇ ಇಲ್ಲ. ನಿದ್ದೆಯಿಂದ ಎದ್ದ ಕೂಸು ತಲೆ ಬಾಗಿಸಿ, ಕೈಗಳನ್ನು ಮುಂದಕ್ಕೆ ಚಾಚಿ, ಸಲಾಂ ಹೊಡೆದಂತೆ ಒಂದರ ಹಿಂದೊಂದು ಬಾಗುತ್ತದೆ. ಮನೆಯಲ್ಲಿ ಅದನ್ನು ಬೆಚ್ಚಿಬೀಳುವುದು ಎನ್ನುತ್ತಾರೆ, ಹೊಟ್ಟೆನೋವು ಎನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. 1841ರಲ್ಲಿ ವಿಲಿಯಂ ವೆಸ್ಟ್ ಎಂಬ ಇಂಗ್ಲಿಷ್ ವೈದ್ಯ ತನ್ನ ಸ್ವಂತ ಮಗನಲ್ಲಿ ಇದನ್ನು ಕಂಡು ವೈದ್ಯ ಪತ್ರಿಕೆಗೆ ಬರೆದ. ರೋಗಕ್ಕೆ ಇಂದಿಗೂ ಅವನದೇ ಹೆಸರು. ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ. ಇಲ್ಲಿ ವಿಚಿತ್ರವೆಂದರೆ ಚಿಕಿತ್ಸೆಯ ಮುಖ್ಯ ಔಷಧಗಳಲ್ಲಿ ಒಂದು ಯಾವ ಔಷಧ ಅಂಗಡಿಯಲ್ಲೂ ಸಿಗುವ ಅಗ್ಗದ ಪ್ರೆಡ್ನಿಸೊಲೋನ್. ದುಬಾರಿಯಾಗಿರುವುದು ಗುರುತಿಸುವಿಕೆ. ಆ ಬಾಗುವಿಕೆಯನ್ನು ಮೊಬೈಲ್‌ನಲ್ಲಿ ಸೆರೆಹಿಡಿದು ತಜ್ಞರಿಗೆ ಕಳುಹಿಸಿದರೆ ಅನುಮಾನ ಅದೇ ದಿನ ಹುಟ್ಟುತ್ತದೆ, ಇಇಜಿ ಮಾಡಿದರೆ ಖಚಿತವಾಗುತ್ತದೆ. ಇಇಜಿ ಯಂತ್ರ ಎಂಆರ್‌ಐನಷ್ಟು ದುಬಾರಿಯಲ್ಲ. ಆದರೆ ಅಳುವ ಕೂಸಿನ ನೆತ್ತಿಗೆ ಇಪ್ಪತ್ತು ಚಿಲ್ಲರೆ ತಂತಿ ಅಂಟಿಸಿ, ಅದನ್ನು ಮಲಗಿಸಿ, ನಿದ್ದೆಯ ದಾಖಲೆ ತೆಗೆಯುವ ತಂತ್ರಜ್ಞ ಬೇಕು. ದಾಖಲೆಯನ್ನು ಬೆಂಗಳೂರಿನಲ್ಲಿ ಕುಳಿತವರೂ ಓದಬಲ್ಲರು. ತಂತಿ ಅಂಟಿಸುವವರು ಮಾತ್ರ ಇಲ್ಲೇ ಇರಬೇಕು.

ಮೂರನೆಯದು ವರ್ಷಗಳ ಲೆಕ್ಕ. ಎಳೆಯ ಮೆದುಳಿಗೆ ಗಾಯವಾಗಿ ಮೈಕೈ ಚಲನೆ ಕುಂಠಿತವಾಗುವ ಸೆರೆಬ್ರಲ್ ಪಾಲ್ಸಿ ಸಾವಿರ ಜನನಗಳಲ್ಲಿ ಸುಮಾರು ಎರಡು ಮೂರು ಮಕ್ಕಳನ್ನು ಕಾಡುತ್ತದೆ. ಹೆರಿಗೆಯ ಹೊತ್ತಿನಲ್ಲಿ ಉಸಿರುಕಟ್ಟುವುದು, ಅವಧಿಗೆ ಮುನ್ನ ಹುಟ್ಟುವುದು, ಕೂಸಿನ ರಕ್ತದಲ್ಲಿ ಸಕ್ಕರೆ ತೀರಾ ಇಳಿಯುವುದು, ಕಾಮಾಲೆ ವಿಪರೀತಕ್ಕೆ ಹೋಗುವುದು ಇದರ ಕಾರಣಗಳಲ್ಲಿ ಸೇರಿವೆ. ಆದ ಗಾಯವನ್ನು ಯಾವ ಔಷಧವೂ ಮಾಯಿಸದು. ಮಾಡಬೇಕಾದದ್ದು ಫಿಸಿಯೋಥೆರಪಿ, ಮಾತಿನ ತರಬೇತಿ, ನುಂಗಲು ಕಲಿಸುವುದು, ಸ್ನಾಯು ಬಿಗಿಯದಂತೆ ನೋಡಿಕೊಳ್ಳುವುದು. ಇದು ವಾರಕ್ಕೆ ಎರಡು ಮೂರು ಸಲದಂತೆ ವರ್ಷಾನುಗಟ್ಟಲೆ ನಡೆಯಬೇಕಾದ ಕೆಲಸ. ಲೈನ್ ಮನೆಯ (ಕಾಫಿ ತೋಟದ ಕಾರ್ಮಿಕರ ಸಾಲುಮನೆ) ತಾಯಿಯೊಬ್ಬಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಬರುತ್ತಾಳೆಂದು ಯಾರಾದರೂ ಭಾವಿಸಿದ್ದರೆ ಅವರು ತೋಟದ ದಿನಗೂಲಿಯ ಲೆಕ್ಕವನ್ನು ಮರೆತಿದ್ದಾರೆ.

ನಿಮಿಷದ ಕೆಲಸ ಊರಿನಲ್ಲೇ ಆಗಬೇಕು. ವರ್ಷದ ಕೆಲಸ ತಾಲ್ಲೂಕಿನಲ್ಲಿ ಆಗಬೇಕು. ಸೂಪರ್ ಸ್ಪೆಷಲಿಸ್ಟ್ ನಿಜವಾಗಿ ಬೇಕಾಗುವುದು ನಡುವಿನ ವಾರದ ಕೆಲಸಕ್ಕೆ, ಜೊತೆಗೆ ಔಷಧಕ್ಕೆ ಬಗ್ಗದ ಅಪಸ್ಮಾರ (ಪದೇ ಪದೇ ಫಿಟ್ಸ್ ಬರುವ ಕಾಯಿಲೆ), ಸ್ನಾಯುಕ್ಷಯ, ವಂಶವಾಹಿ ಕಾಯಿಲೆಗಳಂತಹ ಜಟಿಲ ಪ್ರಕರಣಗಳಿಗೆ.

‘ಜನಸಂಖ್ಯೆ ಸಾಲದು’ ಎಂಬ ವಾದ

ಆಡಳಿತದ ಕಡೆಯಿಂದ ಸಾಮಾನ್ಯವಾಗಿ ಬರುವ ಉತ್ತರ ಇದು: 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಇಷ್ಟು ಚಿಕ್ಕ ಜಿಲ್ಲೆಗೆ ಪ್ರತ್ಯೇಕ ವಿಭಾಗ ಕೊಟ್ಟರೆ ರೋಗಿಗಳೇ ಸಾಲುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ನಿಮ್ಹಾನ್ಸ್ ತಂಡ ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಪಸ್ಮಾರ ಹಳ್ಳಿಗಳಲ್ಲಿ ಸಾವಿರಕ್ಕೆ 11.9, ನಗರದಲ್ಲಿ 5.7. ಹಳ್ಳಿಯಲ್ಲಿ ಇಮ್ಮಡಿ. ಕೊಡಗಿನಲ್ಲಿ ನೂರಕ್ಕೆ 85 ಮಂದಿ ಹಳ್ಳಿಯವರು. ಆ ಪ್ರಮಾಣವನ್ನು ಇಲ್ಲಿಗೆ ಅನ್ವಯಿಸಿದರೆ ಎಲ್ಲ ವಯಸ್ಸಿನವರೂ ಸೇರಿ ಸುಮಾರು 6,000 ಮಂದಿ ಆಗುತ್ತಾರೆ. ಮಕ್ಕಳು ಕಾಲುಭಾಗ ಎಂದು ಹಿಡಿದರೂ 1,500. ಇದು ಅಂದಾಜು ಮಾತ್ರ, ಬೆಂಗಳೂರಿನ ಅಳತೆಗೋಲನ್ನು ಬೆಟ್ಟದ ಮೇಲೆ ಇಟ್ಟದ್ದು. ಆದರೂ ಒಬ್ಬ ತಜ್ಞರ ಹೊರರೋಗಿ ಕೊಠಡಿಯನ್ನು ವರ್ಷವಿಡೀ ತುಂಬಿಸಲು ಇದು ಧಾರಾಳ ಸಾಕು. ‘ರೋಗಿಗಳಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಅದೇ ಲೆಕ್ಕ ಬೇಡಿಕೆ ಇಡುವವರ ಕಡೆಗೂ ತಿರುಗುತ್ತದೆ. ಸರಿಯಾಗಿ ಗುರುತಿಸಿ ಔಷಧ ಕೊಟ್ಟರೆ ಅಪಸ್ಮಾರ ಇರುವವರಲ್ಲಿ ನೂರಕ್ಕೆ 70ರವರೆಗೆ ಸೆಳೆತವಿಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಸೂಪರ್ ಸ್ಪೆಷಲಿಸ್ಟ್ ಬೇಕಿಲ್ಲ. ಇದಕ್ಕೆ ಪುರಾವೆ ನಮ್ಮ ನೆರೆಯಲ್ಲೇ ಇದೆ. 1990ರ ದಶಕದಲ್ಲಿ ನರವೈದ್ಯ ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಬಹಳಷ್ಟು ರೋಗಿಗಳ ಫಿಟ್ಸ್ ಹತೋಟಿಗೆ ತಂದರು. ಅದರ ವರದಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಆ ಮಾತ್ರೆಗಳು ಮಕ್ಕಳ ವರ್ತನೆ, ಕಲಿಕೆಯ ಮೇಲೆ ಅಡ್ಡಪರಿಣಾಮ ಬೀರಬಹುದಾದ್ದರಿಂದ ಇಂದು ಬೇರೆ ಔಷಧಗಳತ್ತ ಒಲವು ಹೆಚ್ಚು. ಪಾಠ ಮಾತ್ರ ಹಳತಾಗಿಲ್ಲ: ಮಾತ್ರೆ ತಪ್ಪದೆ ಸಿಗಬೇಕು, ತಪ್ಪದೆ ನುಂಗಿಸಬೇಕು, ಯಾರಾದರೂ ಹಿಂಬಾಲಿಸಿ ವಿಚಾರಿಸಬೇಕು.

ಹನ್ನೊಂದೂವರೆ ವರ್ಷದ ತಜ್ಞ

ಮಕ್ಕಳ ನರತಜ್ಞರಾಗಲು ಎಂಬಿಬಿಎಸ್‌ಗೆ ಐದೂವರೆ ವರ್ಷ, ಮಕ್ಕಳ ವೈದ್ಯಕೀಯದಲ್ಲಿ ಎಂಡಿಗೆ ಮೂರು ವರ್ಷ, ಆಮೇಲೆ ನೀಟ್‌ನ ಇನ್ನೊಂದು ಸುತ್ತು ಗೆದ್ದು ಡಿಎಂ ಎಂಬ ಸೂಪರ್ ಸ್ಪೆಷಾಲಿಟಿ ಪದವಿಗೆ ಮತ್ತೆ ಮೂರು ವರ್ಷ ಬೇಕು. ಒಟ್ಟು ಹನ್ನೊಂದೂವರೆ. ದೇಶದಲ್ಲಿ ಈ ಡಿಎಂ ಸೀಟುಗಳೇ ಕಡಿಮೆ. ಇಷ್ಟು ಓದಿ ಬಂದವರಿಗೆ ಮಡಿಕೇರಿಯ ಮಂಜು ಹಿಡಿಸಬಹುದು, ಆದರೆ ಮಂಜು ನೋಡಿಕೊಂಡು ಕೆಲಸ ಮಾಡಲಾಗದು. ಸ್ಕ್ಯಾನ್‌ಗೆ ಮಗುವನ್ನು ನಿದ್ದೆಗೆ ಒಯ್ಯುವ ಅರಿವಳಿಕೆ ತಜ್ಞರು, ಮಕ್ಕಳ ತೀವ್ರ ನಿಗಾ ಘಟಕ, ವಂಶವಾಹಿ ಪರೀಕ್ಷೆ, ಚಿತ್ರ ಓದುವ ರೇಡಿಯಾಲಜಿಸ್ಟ್, ರಜೆ ಹಾಕಿದರೆ ನೋಡಿಕೊಳ್ಳುವ ಇನ್ನೊಬ್ಬ ಸಹೋದ್ಯೋಗಿ, ಇಷ್ಟೂ ಇಲ್ಲದಿದ್ದರೆ ಅವರು ಒಂಟಿ ಎತ್ತಿನ ಗಾಡಿ. ಆರು ತಿಂಗಳಲ್ಲಿ ವರ್ಗಾವಣೆ ಕೇಳುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ, ಊರಿನವರು ‘ಡಾಕ್ಟರಿಗೆ ಸೇವಾ ಮನೋಭಾವವಿಲ್ಲ’ ಎನ್ನುತ್ತಾರೆ.

ಅದಕ್ಕಾಗಿ ವೈದ್ಯ ವಲಯದಲ್ಲಿ ಹಲವರು ಮುಂದಿಡುವ ನಡುದಾರಿ ಇದು: ತಜ್ಞ ವಿಭಾಗ ಮೈಸೂರು ಅಥವಾ ಬೆಂಗಳೂರಿನಲ್ಲಿರಲಿ, ಜಿಲ್ಲೆಯ ಮಕ್ಕಳ ವೈದ್ಯರಿಗೆ ಅದು ತರಬೇತಿ ಕೊಡಲಿ, ಕಷ್ಟದ ಪ್ರಕರಣಗಳನ್ನು ವಿಡಿಯೋ ಮೂಲಕ ನೋಡಲಿ. ಮಾದರಿಗಳೂ ಇವೆ. ಮಕ್ಕಳ ಅಪಸ್ಮಾರ ಕುರಿತು ಸಾಮಾನ್ಯ ವೈದ್ಯರಿಗಾಗಿ ಒಂದೇ ದಿನದ ತರಬೇತಿ ಕಾರ್ಯಾಗಾರಗಳು ದೇಶದಲ್ಲಿ ನಡೆಯುತ್ತವೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ನಗರದ ದಕ್ಷಿಣ ಭಾಗದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಇದೇ ತತ್ವದ ಮೇಲೆ ನಿಂತಿದೆ. ಜಿಲ್ಲಾ ಮಟ್ಟದ ವೈದ್ಯರಿಗೆ ತರಬೇತಿ, ಬೆನ್ನಿಗೆ ನಿಮ್ಹಾನ್ಸ್. ಆದರೆ ಅದರ ಗಮನ ಪಾರ್ಶ್ವವಾಯು, ತಲೆನೋವು, ಮರೆಗುಳಿತನ, ಅಪಸ್ಮಾರಗಳ ಮೇಲೆ. ನಾಲ್ಕರಲ್ಲಿ ಮೂರು ಮುಖ್ಯವಾಗಿ ದೊಡ್ಡವರ ಕಾಯಿಲೆಗಳು. ಆ ಸಾಲಿನಲ್ಲಿ ಕೂಸು ಹೊತ್ತ ತಾಯಿ ಕೊನೆಗೆ ನಿಲ್ಲುವ ಅಪಾಯವಿದೆ.

ನಡುದಾರಿಯನ್ನು ಸಂಶಯದಿಂದ ನೋಡುವವರ ಮಾತಿನಲ್ಲೂ ಹುರುಳಿದೆ. ತರಬೇತಿ ಪಡೆದ ವೈದ್ಯ ವರ್ಗವಾಗಿ ಹೋದರೆ ತರಬೇತಿಯೂ ಅವರ ಜೊತೆಗೇ ಹೋಗುತ್ತದೆ. ವಿಡಿಯೋ ಸಮಾಲೋಚನೆಗೆ ನಿಗದಿತ ದಿನ, ಹೊಣೆ ಹೊತ್ತವರು ಇಲ್ಲದಿದ್ದರೆ ಅದು ಮೊದಲ ಮಳೆಗೆ ನೆಟ್‌ವರ್ಕ್ ಜೊತೆ ಮಾಯವಾಗುತ್ತದೆ. ದೂರದ ದೊಡ್ಡ ಆಸ್ಪತ್ರೆಯನ್ನು ನೆಚ್ಚಿಕೊಂಡ ವ್ಯವಸ್ಥೆ ಕಾಲಕ್ರಮದಲ್ಲಿ ‘ಅಲ್ಲಿಗೇ ಹೋಗಿ’ ಎನ್ನುವ ವ್ಯವಸ್ಥೆಯಾಗಿಬಿಡಬಹುದು. ಹಾಗಾಗಿ ಯಾವ ಹುದ್ದೆಗಳು ಮಂಜೂರಾಗುತ್ತವೆ ಎಂಬುದೇ ಇಲ್ಲಿ ಮುಖ್ಯ. ಈ ಲೇಖನದ ಅಭಿಪ್ರಾಯ ಕೇಳಿದರೆ, ತಜ್ಞರ ಒಂದು ಹುದ್ದೆಗಿಂತ ಮೊದಲು ಇಇಜಿ ತಂತ್ರಜ್ಞರು, ಮಕ್ಕಳ ಫಿಸಿಯೋಥೆರಪಿಸ್ಟ್‌ಗಳು, ಮಾತಿನ ತರಬೇತುದಾರರ ಖಾಯಂ ಹುದ್ದೆಗಳನ್ನು ಕೇಳಬೇಕು. ಅವು ಇದ್ದ ಕಡೆಗೆ ತಜ್ಞರು ಬರುತ್ತಾರೆ, ನಿಲ್ಲುತ್ತಾರೆ. ತಿರುವುಮುರುವಾಗಿ ಮಾಡಿದರೆ ಎರಡೂ ಇರುವುದಿಲ್ಲ.

ಹಂಡೆಯ ನೀರು, ಹಂದಿ ಮಾಂಸ ಮತ್ತು ಸಂಶೋಧನೆ

‘ಚಿಕಿತ್ಸೆಗೇ ಗತಿಯಿಲ್ಲ, ಸಂಶೋಧನೆ ಯಾಕೆ?’ ಎಂಬ ಮಾತು ಬರುವುದು ಸಹಜ. ಆದರೆ ನರರೋಗಗಳು ಊರನ್ನು ನೋಡಿಕೊಂಡು ಬರುತ್ತವೆ. ತಲೆಯ ಮೇಲೆ ತಂಬಿಗೆ ತಂಬಿಗೆಯಾಗಿ ಬಿಸಿನೀರು ಸುರಿದುಕೊಂಡಾಗ ಬರುವ ಒಂದು ಬಗೆಯ ಅಪಸ್ಮಾರ ಜಗತ್ತಿನಲ್ಲೇ ಅತಿ ಹೆಚ್ಚಾಗಿ ವರದಿಯಾಗಿರುವುದು ದಕ್ಷಿಣ ಕರ್ನಾಟಕದ ಕಡೆಯಿಂದ. ಅದನ್ನು ಅಧ್ಯಯನ ಮಾಡಿದವರಲ್ಲಿ ನಿಮ್ಹಾನ್ಸ್‌ನವರು ಪ್ರಮುಖರು. ಬಹುಮಟ್ಟಿಗೆ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಕಾಣುವ ಇದಕ್ಕೆ ನೀರಿನ ಬಿಸಿ ಇಳಿಸುವುದು, ತಲೆಗೆ ನೇರವಾಗಿ ಸುರಿಯದಿರುವುದು, ಬೇಕಿದ್ದರೆ ಸ್ನಾನಕ್ಕೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಮೂಳೆ ಕೊರೆಯುವ ಚಳಿಯಲ್ಲಿ ಹಂಡೆಯ ನೀರು ಕುದಿಯುವ ಕೊಡಗಿನಲ್ಲಿ ಈ ಒಂದು ಪ್ರಶ್ನೆಯನ್ನು, ‘ಫಿಟ್ಸ್ ಬಂದದ್ದು ಸ್ನಾನದ ಮನೆಯಲ್ಲೇ?’ ಎಂದು, ಕೇಳಲು ಗೊತ್ತಿರುವ ವೈದ್ಯ ಒಂದು ಸ್ಕ್ಯಾನಿನ ಖರ್ಚನ್ನೇ ಉಳಿಸಬಹುದು.

ಇನ್ನೊಂದು ಹೆಚ್ಚು ಸೂಕ್ಷ್ಮ. ಭಾರತದ ಮಕ್ಕಳಲ್ಲಿ ಮೈಯ ಒಂದು ಭಾಗದಲ್ಲಿ ಮಾತ್ರ ಶುರುವಾಗುವ ಸೆಳೆತಕ್ಕೆ ಹಂದಿಯ ಲಾಡಿಹುಳುವಿನ ಮರಿಗಂಟು (ಹುಳುವಿನ ಮರಿ ಮೆದುಳಿನಲ್ಲಿ ಕಟ್ಟುವ ಗಂಟು) ಒಂದು ಮುಖ್ಯ ಕಾರಣ. ಸ್ಕ್ಯಾನಿನಲ್ಲಿ ಕಾಣುವ ಈ ಒಂಟಿ ಗಂಟನ್ನು ಹಿಂದೆ ಕ್ಷಯದ ಗಂಟೆಂದೇ ಭಾವಿಸಲಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ ಅಧ್ಯಯನಗಳು ಆ ತಿಳಿವಳಿಕೆಯನ್ನು ಬದಲಿಸಿದವು. ಹಂದಿಯ ಹುಳು ಎಂದೊಡನೆ ಕೊಡಗಿನಲ್ಲಿ ಪಂದಿಕರಿಯ ಮೇಲೆ ಆಪಾದನೆ ಬೀಳುವುದು ಸುಲಭ. ಅದು ತಪ್ಪು. ಬೇಯದ ಮಾಂಸ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ, ಚೆನ್ನಾಗಿ ಬೆಂದ ಮಾಂಸದಲ್ಲಿ ಮರಿಗಂಟುಗಳು ಸತ್ತಿರುತ್ತವೆ. ಮೆದುಳಿಗೆ ಗಂಟು ಬರುವುದು ಬೇರೆ ದಾರಿಯಿಂದ: ಹೊಟ್ಟೆಯಲ್ಲಿ ಹುಳುವಿರುವ ಮನುಷ್ಯನ ಮಲದಲ್ಲಿ ಮೊಟ್ಟೆಗಳು ಹೊರಬಂದು, ನೀರು, ಸೊಪ್ಪು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತವೆ. ಆದ್ದರಿಂದಲೇ ಮಾಂಸ ಮುಟ್ಟದವರ ಮಕ್ಕಳಿಗೂ ಇದು ಬರುತ್ತದೆ. ಪರಿಹಾರ ಅಡುಗೆಮನೆಗಿಂತ ಹೆಚ್ಚಾಗಿ ಶೌಚಾಲಯದಲ್ಲಿದೆ, ಲೈನ್ ಮನೆಗಳ ಮತ್ತು ಆದಿವಾಸಿ ಹಾಡಿಗಳ ನೀರಿನ ಮೂಲದಲ್ಲಿದೆ. ಜಿಲ್ಲೆಯ ಆಸ್ಪತ್ರೆಗಳು ಫಿಟ್ಸ್ ಬಂದ ಪ್ರತಿ ಮಗುವಿನ ಕಾರಣವನ್ನು ಒಂದೇ ನೋಂದಣಿ ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಹೋಬಳಿಯಲ್ಲಿ ಏನು ಮಾಡಬೇಕೆಂಬುದು ಕೆಲವೇ ವರ್ಷಗಳಲ್ಲಿ ಹೊರಬೀಳುತ್ತದೆ. ಸಂಶೋಧನೆ ಎಂದರೆ ಇಲ್ಲಿ ಮೊದಲಿಗೆ ಇಷ್ಟೇ.

ಹೊರಗಿನ ಜ್ಞಾನವನ್ನು ಹಾಗೆಯೇ ತಂದರೆ ಏನಾಗಬಹುದು ಎಂಬುದಕ್ಕೂ ಉದಾಹರಣೆಯಿದೆ. ಉಸಿರುಕಟ್ಟಿ ಹುಟ್ಟಿದ ಕೂಸಿನ ಮೈಯನ್ನು ಮೂರು ದಿನ ತಂಪಾಗಿರಿಸಿ ಮೆದುಳನ್ನು ಉಳಿಸುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ 408 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂದಾಗ ತಂಪಾಗಿಸಿದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು: ನೂರಕ್ಕೆ 42, ಇನ್ನೊಂದು ಗುಂಪಿನಲ್ಲಿ 31.

ಶಸ್ತ್ರಚಿಕಿತ್ಸೆಗೆ ದುಡ್ಡಿದೆ, ಬಸ್ಸಿಗಿಲ್ಲ

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಹೋಗಬೇಕು. ಅಲ್ಲಿ ಇಲ್ಲಿ ಕಳುಹಿಸುವ ಚೀಟಿಗಳು ಹೆಚ್ಚಾಗಲು ಈ ನಿಯಮವೂ ಒಂದು ಕಾರಣ. ಆದರೆ ಯೋಜನೆಯ ರಚನೆ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ಬಸ್ ಚಾರ್ಜು, ಕಳೆದುಹೋದ ಕೂಲಿ, ವಾರಕ್ಕೆರಡು ಸಲದ ಫಿಸಿಯೋಥೆರಪಿ ಅದರೊಳಗೆ ಬರುವುದಿಲ್ಲ. ಪರಿಣಾಮ ನೋಡಿ: ದೂರವೆಂದು ವ್ಯಾಯಾಮ ನಿಲ್ಲುತ್ತದೆ, ಸ್ನಾಯು ಬಿಗಿಯುತ್ತದೆ, ಕಾಲು ಕತ್ತರಿಯಂತೆ ಕೂಡಿಕೊಳ್ಳುತ್ತದೆ, ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದಕ್ಕೆ ಯೋಜನೆ ದುಡ್ಡು ಕೊಡುತ್ತದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ವಿಮೆ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಅದರಲ್ಲಿ ಹೊರರೋಗಿ ಚಿಕಿತ್ಸೆ, ಥೆರಪಿಯೂ ಸೇರಿದೆ. ಈ ಹೆಸರನ್ನು ಕೇಳಿದವರಿಗಿಂತ 16 ಕೋಟಿಯ ಚುಚ್ಚುಮದ್ದಿನ ಸುದ್ದಿ ಓದಿದವರೇ ಹೆಚ್ಚು. ಬೆನ್ನುಹುರಿಯ ನರಗಳು ಕ್ಷಯಿಸುವ ಎಸ್‌ಎಂಎ ಕಾಯಿಲೆಗೆ ಬಂದಿರುವ ಆ ವಂಶವಾಹಿ ಚಿಕಿತ್ಸೆ ನಿಜಕ್ಕೂ ವಿಜ್ಞಾನದ ದೊಡ್ಡ ಜಿಗಿತ. ಆದರೆ 2021ರ ವಿರಳ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸಿಗುವ ನೆರವಿನ ಮಿತಿ 50 ಲಕ್ಷ. ಉಳಿದದ್ದಕ್ಕೆ ಜನರ ಮುಂದೆ ಕೈಯೊಡ್ಡಬೇಕು. ಅಂತಹ ಒಂದು ಮಗುವಿಗೆ ಊರೆಲ್ಲ ಮಿಡಿಯುವುದು ಸರಿಯೇ. ಅದೇ ವಾರ ಆರೋಗ್ಯ ಕೇಂದ್ರದಲ್ಲಿ ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್ ಸಿರಪ್ ಮುಗಿದುಹೋದರೆ ಮಾತ್ರ ಅದು ಸುದ್ದಿಯಾಗುವುದಿಲ್ಲ.

ಮುಂದೆ ಏನಾಗಬಹುದು

ಕಟ್ಟಡ, ಫಲಕ, ಯಂತ್ರ ಮೊದಲು ಬಂದು ಜನ ಆಮೇಲೆ ಬರಲಿ ಎಂದರೆ ನಡೆಯುವುದು ಊಹಿಸಬಹುದಾದದ್ದೇ. ವಾರಕ್ಕೊಮ್ಮೆ ಬರುವ ತಜ್ಞ, ಹೊದಿಕೆ ತೆಗೆಯದ ಯಂತ್ರ, ಮತ್ತೆ ಅದೇ ಮೈಸೂರಿನ ಚೀಟಿ. ತರಬೇತಿಯ ದಾರಿ ಹಿಡಿದರೆ ಮೊದಲ ಒಂದೆರಡು ವರ್ಷ ಕಣ್ಣಿಗೆ ಕಾಣುವಂತಹದ್ದೇನೂ ಇರುವುದಿಲ್ಲ. ಉದ್ಘಾಟನೆಗೆ ರಿಬ್ಬನ್ನೂ ಸಿಗದು. ರಾಜಕೀಯವಾಗಿ ಅದು ಲಾಭದಾಯಕವಲ್ಲದ ಕಾರಣ ಅದಕ್ಕೆ ಒತ್ತಾಯ ಜನರಿಂದಲೇ ಬರಬೇಕಾಗುತ್ತದೆ.

ಗುರುತಿಸುವ ಕೆಲಸಕ್ಕೆ ಹೊಸ ಯೋಜನೆ ಬೇಕಿಲ್ಲ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಹೋಗಬೇಕೆಂಬ ನಿಯಮವಿದೆ. ಕೊಡಗಿನಲ್ಲಿ ತೊಡಕಾಗುವುದು ಕಾಲಮಾನ. ಕಾಫಿ ಕೊಯ್ಲಿಗೆ ಬಂದ ಕುಟುಂಬ ಡಿಸೆಂಬರಿನಲ್ಲಿ ಸಿದ್ದಾಪುರದ ಲೈನ್ ಮನೆಯಲ್ಲಿದ್ದರೆ ಏಪ್ರಿಲ್‌ನಲ್ಲಿ ಎಲ್ಲಿರುತ್ತದೋ. ತಂಡದ ಭೇಟಿ ಕೊಯ್ಲಿನ ತಿಂಗಳುಗಳಿಗೆ ಹೊಂದಿಕೊಳ್ಳದಿದ್ದರೆ, ಮಗುವಿನ ದಾಖಲೆ ಅದರ ಜೊತೆಗೇ ಮುಂದಿನ ಜಿಲ್ಲೆಗೆ ಹೋಗದಿದ್ದರೆ, ಗುರುತಿಸಿದ ಕಾಯಿಲೆಯೂ ಕಳೆದುಹೋಗುತ್ತದೆ.

ಇನ್ನು ಮಳೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿನ ನೇರ ದಾರಿಯೇ ಇಲ್ಲವಾಗಿತ್ತು. ಜಿಲ್ಲೆಗೆ ರೈಲೂ ಇಲ್ಲ. ಅಪಸ್ಮಾರದ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಹತೋಟಿಯಲ್ಲಿದ್ದ ಫಿಟ್ಸ್ ಮರಳಿ, ನಿಲ್ಲದ ಸೆಳೆತವಾಗಿ ತಿರುಗಬಹುದು. ಆಗ ಬೇಕಾಗುವ ಆಂಬುಲೆನ್ಸಿಗೂ ಅದೇ ಮುಚ್ಚಿದ ರಸ್ತೆ. ಹಾಗಾಗಿ ಭಾಗಮಂಡಲ, ನಾಪೋಕ್ಲು, ಶ್ರೀಮಂಗಲದ ಕಡೆಯ ಮಕ್ಕಳಿಗೆ ಮೇ ತಿಂಗಳಲ್ಲೇ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು ಕಳುಹಿಸುವ ಆದೇಶವೊಂದು ಹೊರಡಬೇಕಿದೆ. ಅದಕ್ಕೆ ವಿಭಾಗವೂ ಬೇಡ, ಬಜೆಟ್ಟಿನವರೆಗೆ ಕಾಯುವುದೂ ಬೇಡ.